ನೀರಗಂಟಿಯ ಕೊನೆಯ ಅಧ್ಯಾಯ

ಒಬ್ಬ ಕಾದಂಬರಿಕಾರನಿಗೆ ತನ್ನ ಕಾದಂಬರಿ ಹೇಗೆ ಮುಗಿಯುತ್ತದೆಂಬುದೇ ಗೊತ್ತಿಲ್ಲ. ಆದ್ದರಿಂದ ಈತ ಆ ಕಾದಂಬರಿಕಾರನಲ್ಲ. ಡಚ್ ವಲಸೆ ಕಚೇರಿಯ ಆದೇಶದ ತಿರುಳು ಇಷ್ಟೇ. ಉಟ್ರೆಕ್ಟ್ ನಗರದ ವಕೀಲೆಯೊಬ್ಬರ ಕೋಣೆಯಲ್ಲಿ ಕುಳಿತು ಅದನ್ನು ರಷ್ಯನ್ ಭಾಷೆಯಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರಿಗೆ ಹೇಳಬೇಕಿತ್ತೋ ಅವರು ನನ್ನ ಪಕ್ಕದ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕುಳಿತಿದ್ದರು. ಅರವತ್ತರ ಅಂಚಿನ ಉಜ್ಬೆಕ್ ಲೇಖಕ. ತಮ್ಮ ದೇಶದಲ್ಲಿ ಕಾದಂಬರಿ, ನಾಟಕ ಎರಡರಲ್ಲೂ ಹೆಸರು ಮಾಡಿದವರು. ಈಗ ಎನ್ಸ್‌ಕೆಡೆಯ ಹೊರವಲಯದಲ್ಲಿ, ಆಶ್ರಯ ಕೋರಿ ಬಂದವರನ್ನು ಇರಿಸುವ ಹಳೆಯ ಸೈನಿಕ ವಸತಿಯೊಂದರಲ್ಲಿ, ಅಪರಿಚಿತರ ಜೊತೆ ಕೋಣೆ ಹಂಚಿಕೊಂಡು ಬದುಕುತ್ತಿದ್ದವರು.

ನಾನು ಹೇಳಿ ಮುಗಿಸಿದಾಗ ಅವರು ನಕ್ಕರು.

"ಇನ್ನೊಮ್ಮೆ ಹೇಳು ತಂಗಿ. ನಿನ್ನ ರಷ್ಯನ್ ತುಕ್ಕು ಹಿಡಿದಿರಬೇಕು."

ಇನ್ನೊಮ್ಮೆ ಹೇಳಿದೆ. ಈ ಸಲ ನಗಲಿಲ್ಲ.

ನಾನು ಧಾರವಾಡದವಳು. ನನ್ನ ರಷ್ಯನ್ ಎಂಬತ್ತರ ದಶಕದ ಮಾಸ್ಕೋದಲ್ಲಿ ಓದುವಾಗ ಕಲಿತದ್ದು. ಅಲ್ಲಿಂದ ಬಂದು ಬೆಂಗಳೂರಿನ ಪತ್ರಿಕೆಯೊಂದರಲ್ಲಿ ವಿದೇಶ ಸುದ್ದಿಯ ಪುಟ ನೋಡಿಕೊಳ್ಳುತ್ತಿದ್ದೆ. ಗಂಡನಿಗೆ ನ್ಯೂವೆಗೈನ್‌ನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ, ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹಾಲೆಂಡಿಗೆ ಹೋದೆವು. ಅವರ ಪರ್ಮಿಟ್‌ನಲ್ಲಿ ನಾನು ಸಂಬಳಕ್ಕೆ ದುಡಿಯುವಂತಿರಲಿಲ್ಲ. ಸಂಬಳವಿಲ್ಲದ ದುಡಿಮೆಗೆ ಯಾರೂ ಅಡ್ಡಿ ಮಾಡಲಿಲ್ಲ. ಡಚ್ ಕಲಿತೆ. ನಿರಾಶ್ರಿತರಿಗೆ ನೆರವಾಗುವ ಒಂದು ಗುಂಪಿಗೆ ರಷ್ಯನ್ ಬಲ್ಲವರು ಬೇಕಾಗಿದ್ದರು. ಹಾಗೆ ಈ ಲೇಖಕರ ಪರಿಚಯವಾಯಿತು. ಅವರ ಮಾತೃಭಾಷೆ ನನಗೆ ಬಾರದು. ನಾವಿಬ್ಬರೂ ಮಾತಾಡಿದ್ದು ರಷ್ಯನ್ನಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಅವರ ಬಳಿ ತಾನು ಇಂಥವನು ಎನ್ನಲು ಕಾಗದಗಳಿರಲಿಲ್ಲ. ಪಾಸ್‌ಪೋರ್ಟನ್ನು ಊರಿನಲ್ಲೇ ಕಿತ್ತುಕೊಂಡಿದ್ದರು. ಬೇರೆಯವರ ಹೆಸರಿನಲ್ಲಿ ದೇಶ ದಾಟಿದ್ದರು. ಕಾರಣ ಅವರ ಕಡೆಯ ನಾಟಕ. ಒಂದು ಮದುವೆಮನೆ, ಊಟ ಸಿದ್ಧ, ಮುಖ್ಯ ಅತಿಥಿ ಬರುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ; ಅತಿಥಿ ಬರುವುದೇ ಇಲ್ಲ, ಎದ್ದುಹೋಗಲು ಯಾರಿಗೂ ಧೈರ್ಯವಿಲ್ಲ. ಬಾರದ ಆ ಅತಿಥಿ ದೇಶವಾಳುವವನೇ ಎಂದು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಲವೇ ಪ್ರದರ್ಶನಗಳಾದ ಮೇಲೆ ರಂಗಮಂದಿರಕ್ಕೆ ಬೀಗ ಬಿತ್ತು. ಲೇಖಕರನ್ನು ಕರೆದುಕೊಂಡು ಹೋದರು. ಹಿಂದಿರುಗುವಾಗ ಅವರ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನಾನು ನೋಡಿದಾಗಲೂ ಮಡಚುತ್ತಿರಲಿಲ್ಲ.

ಹಾಲೆಂಡಿನಲ್ಲಿ ಅವರು ತಾವೇ ಆ ಲೇಖಕರೆಂದು ತೋರಿಸಬೇಕಿತ್ತು. ಮೊದಲ ವಿಚಾರಣೆಯಲ್ಲಿ ಅಧಿಕಾರಿ ಸರಳವಾದ ಪ್ರಶ್ನೆ ಕೇಳಿದ್ದರು: ನಿಮ್ಮ ಹೆಸರಾಂತ ಕಾದಂಬರಿಯ ಕಥೆ ಹೇಳಿ. ಇವರು ಹೇಳಿದರು. ಆ ಭಾಷೆ ಬಲ್ಲ ತಜ್ಞರೊಬ್ಬರಿಂದ ಕಚೇರಿ ಪುಸ್ತಕವನ್ನು ಓದಿಸಿತು. ಕಥೆ ಮುಕ್ಕಾಲು ಪಾಲು ಹೊಂದಿತು. ಕೊನೆ ಹೊಂದಲಿಲ್ಲ. ಈತ ಪುಸ್ತಕವನ್ನು ಅರ್ಧಂಬರ್ಧ ಓದಿದ ಯಾರೋ ಓದುಗ, ಲೇಖಕನಲ್ಲ ಎಂದು ತೀರ್ಮಾನವಾಯಿತು. ಕಚೇರಿಯದು ತಪ್ಪೆಂದು ಹೇಳಲಾರೆ. ಅವರ ಮುಂದೆ ಇದ್ದದ್ದು ಒಂದು ಪುಸ್ತಕ, ಒಬ್ಬ ಮನುಷ್ಯ. ಎರಡೂ ಒಂದನ್ನೊಂದು ಅಲ್ಲಗಳೆಯುತ್ತಿದ್ದವು.

ವಕೀಲೆ ನಿಧಾನಸ್ಥೆ. ನನ್ನನ್ನು ಡಚ್ಚರ ಮರ್ಯಾದೆಯಂತೆ ಮೆವ್ರೌ ಎಂದೇ ಕರೆಯುತ್ತಿದ್ದರು. "ಮತ್ತೊಂದು ವಿಚಾರಣೆ ಸಿಗುತ್ತದೆ, ಮೆವ್ರೌ. ಅದೇ ಕೊನೆಯದು. ಅದರಲ್ಲೂ ಇವರು ಸೋತರೆ ವಿಮಾನ ಹತ್ತಿಸುತ್ತಾರೆ" ಎಂದು ನನಗೆ ಹೇಳಿದರು. ವಿಮಾನ ಇಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಆ ಎರಡು ಬೆರಳು ಕಣ್ಣೆದುರಿಗೇ ಇದ್ದವು.

"ಅವರ ಪ್ರಕಾರ ನನ್ನ ಕಾದಂಬರಿ ಹೇಗೆ ಮುಗಿಯುತ್ತದೆ?" ಲೇಖಕರು ಕೇಳಿದರು.

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಚ್ಚಾದ ಕೊನೆಯ ಅಧ್ಯಾಯ ಅವರದ್ದಲ್ಲ. ಅವರು ಬರೆದ ಅಧ್ಯಾಯವನ್ನು ಪ್ರಕಾಶನ ಸಂಸ್ಥೆ ಒಪ್ಪಲಿಲ್ಲ. ಅದರ ಜಾಗದಲ್ಲಿ ಬೇರೊಂದು ಸೇರಿಸಿ ಅಚ್ಚುಹಾಕಿತು. ಸೋವಿಯತ್ ಕಾಲದಲ್ಲಿ ಅದು ಹೊಸದೇನಲ್ಲ. ಪುಸ್ತಕ ಕೈಗೆ ಬಂದಾಗ ಅವರು ಆ ಪುಟಗಳನ್ನು ತೆರೆಯುವುದಿಲ್ಲವೆಂದು ಆಣೆ ಮಾಡಿದರು. ತೆರೆಯಲೂ ಇಲ್ಲ. ವಿಚಾರಣೆಯಲ್ಲಿ ಕಥೆ ಹೇಳಿ ಎಂದಾಗ ತಾವು ಬರೆದದ್ದನ್ನು ಹೇಳಿದರು. ಪುಸ್ತಕದಲ್ಲಿ ಇನ್ನೊಂದಿದೆ ಎಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಿಗೇ ಬರಲಿಲ್ಲ.

"ನಮ್ಮಲ್ಲಿ ಯಾರೂ ಅದನ್ನು ಓದುವುದಿಲ್ಲ" ಎಂದರು. "ನನ್ನ ನಾಯಕ, ಆ ಮುದುಕ, ಕಚೇರಿಯ ಮೆಟ್ಟಿಲು ಹತ್ತುತ್ತಾನಲ್ಲ, ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಶಾಲೆಯ ಹುಡುಗಿಯರೂ ಮುಚ್ಚುತ್ತಾರೆ. ಪೂರ್ತಿ ಓದಿದವನು ನಿಮ್ಮ ತಜ್ಞನೊಬ್ಬನೇ."

ಪತ್ರಿಕೆಯಲ್ಲಿ ಕೆಲಸ ಮಾಡಿದವಳಾಗಿ ನನಗೆ ಕತ್ತರಿ ಗೊತ್ತಿತ್ತು. ಒಂದು ದೇಶದ ಓದುಗರೆಲ್ಲ ಮಾತಾಡಿಕೊಳ್ಳದೆ ಒಂದೇ ಪುಟದಲ್ಲಿ ಪುಸ್ತಕ ಮುಚ್ಚುವುದು ಗೊತ್ತಿರಲಿಲ್ಲ. ವಕೀಲೆ ಪೆನ್ನು ಹಿಡಿದು ಕಾಯುತ್ತಿದ್ದರು.

"ಯಾರೂ ಹೇಳದೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ.

"ವಾಸನೆಗೆ. ಮೀನು ಕೆಟ್ಟಿದೆ ಅಂತ ಬೋರ್ಡು ಹಾಕುತ್ತಾರೇನು?"

ಆಮೇಲೆ ನಾನು ಅವರ ಕಾದಂಬರಿಯ ಕೊನೆಯನ್ನು ಅವರಿಗೆ ಹೇಳಬೇಕಾಯಿತು, ಡಚ್ ವರದಿಯ ಸಾರಾಂಶದಿಂದ. ಕಾದಂಬರಿಯ ನಾಯಕ ಊರಿನ ಕಾಲುವೆಗಳಿಗೆ ನೀರು ಹಂಚುವವನು. ಅವರ ಭಾಷೆಯ ಹೆಸರಿಗೆ ನನಗೆ ಹೊಳೆದ ಕನ್ನಡ ನೀರಗಂಟಿ. ನದಿಯ ನೀರೆಲ್ಲ ಸರ್ಕಾರದ ಹತ್ತಿ ಹೊಲಗಳಿಗೆ ಹೋಗಬೇಕು. ಊರಿನ ಹಣ್ಣಿನ ತೋಟಗಳು ಒಣಗುತ್ತಿವೆ. ಯಾರೋ ತೂಬು ಎತ್ತಿ ತೋಟಗಳಿಗೆ ನೀರು ಬಿಡುತ್ತಾರೆ. ಎತ್ತಿದವನು ನೀರಗಂಟಿಯ ಬಾಲ್ಯದ ಗೆಳೆಯ, ಕರಬೂಜ ಬೆಳೆಯುವವನು. ನೀರಗಂಟಿಯನ್ನು ಕಚೇರಿಗೆ ಕರೆಸುತ್ತಾರೆ. ಲೇಖಕರು ಬರೆದ ಕೊನೆಯಲ್ಲಿ ಅವನು ಬಾಯಿ ಬಿಡುವುದಿಲ್ಲ. ಹೊರಗೆ ಬಂದು ತಾನೇ ತೂಬು ಎತ್ತುತ್ತಾನೆ.

ಅಚ್ಚಾದ ಕೊನೆಯಲ್ಲಿ ಅವನು ಗೆಳೆಯನ ಹೆಸರು ಹೇಳುತ್ತಾನೆ. ಗೆಳೆಯನನ್ನು ಹಿಡಿಯುತ್ತಾರೆ. ನೀರಗಂಟಿಯ ಎದೆಗೆ ಪದಕ ತೊಡಿಸುತ್ತಾರೆ. ಹತ್ತಿ ಅರಳುತ್ತದೆ.

ಲೇಖಕರು ಟೋಪಿಯನ್ನು ತಲೆಗಿಟ್ಟುಕೊಂಡರು, ತೆಗೆದರು. ಇಪ್ಪತ್ತು ವರ್ಷದ ಹತ್ತಿರ ತಮ್ಮ ಹೆಸರಿನಲ್ಲಿ ತಿರುಗಾಡುತ್ತಿದ್ದ ಸಾಲುಗಳನ್ನು ಅವರು ಮೊದಲ ಬಾರಿ ಕೇಳಿದ್ದು ಧಾರವಾಡದ ಹೆಂಗಸಿನ ಬಾಯಿಂದ, ಉಟ್ರೆಕ್ಟ್‌ನಲ್ಲಿ.

"ಹೆಸರು ಹೇಳುತ್ತಾನಾ?" ಎಂದರು. "ಅವನ ಬಾಯಿಂದಲೇ?"

ಹೌದೆಂದೆ.

ಪುಸ್ತಕದ ಆ ಪುಟಗಳ ಜೆರಾಕ್ಸ್ ಪ್ರತಿಯನ್ನು ವಕೀಲೆ ಕಚೇರಿಯಿಂದ ತರಿಸುವವರಿದ್ದರು. ಆ ನಡುವಿನ ಒಂದು ಭಾನುವಾರ ಅವರನ್ನು ನ್ಯೂವೆಗೈನ್‌ನ ನಮ್ಮ ಮನೆಗೆ ಊಟಕ್ಕೆ ಕರೆದೆವು. ಟ್ರಾಮ್ ನಿಲ್ದಾಣದಿಂದ ಕರೆತರಲು ಹೊರಟಾಗ ನನ್ನ ಗಂಡ ತಮಾಷೆ ಮಾಡಿದರು. ಅವರ ಊರಿನ ಪದ್ಧತಿಯಂತೆ ನಾನು ಲೇಖಕರನ್ನು 'ಅಕಾ' ಎಂದು ಕರೆಯುತ್ತಿದ್ದೆ.

"ಏನೇ ಇದು, ಮೀಸೆ ಹೊತ್ತ ಗಂಡಸನ್ನ ಅಕ್ಕಾ ಅಂತ ಕರೀತೀಯಲ್ಲ. ಮೈಸೂರಲ್ಲಿ ನಮ್ಮಮ್ಮ ಕೇಳಿಸ್ಕೊಂಡ್ರೆ ಬಿದ್ದು ಬಿದ್ದು ನಗ್ತಾರೆ."

"ನಗಲಿ ಬಿಡ್ರಿ. ಅವರ ಭಾಷಾದಾಗ ಅಣ್ಣಗ ಹಂಗ ಅಂತಾರ. ನೀವೂ ಹಂಗ ಕರೀರಿ."

"ನಾನಾ? ನಾನು ಸರ್ ಅಂತೀನಪ್ಪ. ಸೇಫ್."

ಊಟಕ್ಕೆ ಜೋಳದ ರೊಟ್ಟಿ ಮಾಡಿದ್ದೆ. ಲೇಖಕರು ತಟ್ಟೆಯ ರೊಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ಇಟ್ಟರು. ಅವರಲ್ಲಿ ರೊಟ್ಟಿಯನ್ನು ಕವುಚಿ ಇಡಬಾರದಂತೆ. ನಮ್ಮ ರೊಟ್ಟಿಗೆ ಮುಖ ಯಾವುದು, ಬೆನ್ನು ಯಾವುದು ಎಂದು ಅವರು ಹೇಗೆ ತೀರ್ಮಾನಿಸಿದರೋ ತಿಳಿಯದು. ಎಣ್ಣೆಗಾಯಿ ಬದನೆಕಾಯಿ ಹೆಚ್ಚಾಗಿಯೇ ಹಾಕಿಸಿಕೊಂಡರು.

ಗಂಡನಿಗೆ ನೀರಗಂಟಿಯ ಕಥೆ ಹಿಡಿಸಿತು. "ನಮ್ಮ ತಾತನ ಊರು ಮಂಡ್ಯದ ಹತ್ರ. ಅಲ್ಲೂ ನೀರಗಂಟಿ ಇದ್ದ. ಅವನು ತೂಬು ಎತ್ತದಿದ್ರೆ ದೇವರು ಬಂದ್ರೂ ನೀರಿಲ್ಲ. ಮದುವೆಗೆ ಮೊದಲ ಕಾಗದ ಅವನ ಮನೆಗೆ ಹೋಗ್ತಿತ್ತು, ಆಮೇಲೆ ದೇವಸ್ಥಾನಕ್ಕೆ. ಇವರಿಗೆ ಹೇಳು." ನಾನು ಹೇಳಿದೆ. ಲೇಖಕರು ಮೇಜು ಕುಟ್ಟಿ ನಕ್ಕರು. ಅವರ ಹೆಂಡತಿಯ ತಂದೆ ಅಂಥ ನೀರಗಂಟಿಯೇ ಆಗಿದ್ದರಂತೆ.

ಆ ಮಧ್ಯಾಹ್ನ ಅವರು ಬಹಳ ಮಾತಾಡಿದರು. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆಗೆ ಬೀಗ ಹಾಕಿ ಮಕ್ಕಳನ್ನು ಹೊಲಕ್ಕೆ ಕಳಿಸುತ್ತಿದ್ದದ್ದು. ಹೊಲದ ಬದುವಿನಲ್ಲಿ ಕುಳಿತು ಅವರು ಮೊದಲ ನಾಟಕ ಕಟ್ಟಿದ್ದು, ಬರೆಯಲು ಕಾಗದವಿಲ್ಲದೆ ಸಂಭಾಷಣೆಗಳನ್ನು ಗೆಳೆಯರಿಗೆ ಬಾಯಿಪಾಠ ಮಾಡಿಸಿದ್ದು. ಮುಂದೆ ರಂಗಭೂಮಿಗೆ ಬಂದ ಮೇಲೆ ಪ್ರತಿ ನಾಟಕದಲ್ಲಿ ಒಂದು ದೃಶ್ಯವನ್ನು ಕತ್ತರಿಗೆಂದೇ ಬರೆಯುತ್ತಿದ್ದರು. ಪರಿಶೀಲನೆಯವರು ಅದನ್ನು ತೆಗೆದು ಕರ್ತವ್ಯ ಮುಗಿಯಿತೆಂದು ಎದ್ದು ಹೋಗುತ್ತಿದ್ದರು, ಉಳಿದದ್ದು ಉಳಿಯುತ್ತಿತ್ತು. "ಬಲಿಗೆ ಒಂದು ಕುರಿ ಕಟ್ಟಿರಬೇಕು. ಕಾದಂಬರಿಗೆ ಕಟ್ಟುವುದನ್ನು ಮರೆತೆ" ಎಂದರು.

"ಆ ಕೊನೇ ಚಾಪ್ಟರ್ ಬರ್ದೋನು ಯಾರು ಅಂತ ಗೊತ್ತಾಗ್ಲೇ ಇಲ್ವಾ?" ಎಂದು ಗಂಡ ಕೇಳಿದರು.

"ಇಲ್ಲ. ಪ್ರಕಾಶನದವರು ಸಾಕಿದ ಯಾವುದೋ ನಾಯಿ" ಎಂದರು ಲೇಖಕರು. ಮನೆಗೆ ಯಾರೇ ಬಂದರೂ, ಆ ಕಾದಂಬರಿಯ ಮಾತು ಬಂದರೆ ಸಾಕು, ಅವರು ಬಟ್ಟಲು ಎತ್ತಿ ಶಪಿಸುತ್ತಿದ್ದರಂತೆ: ಆ ಪುಟಗಳನ್ನು ಬರೆದ ಕೈ ಒಣಗಿಹೋಗಲಿ. ಅತಿಥಿಗಳೂ ಹಾಗೇ ಆಗಲಿ ಎನ್ನುತ್ತಿದ್ದರು. "ನನ್ನ ಹೆಂಡತಿ ಮಾತ್ರ, 'ಸಾಕು, ಚಹಾ ಆರುತ್ತೆ' ಅಂತ ಬಗ್ಗಿಸುತ್ತಿದ್ದಳು. ಅದೇ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ ಅವಳದ್ದು. ಈಗಲೂ ಅಲ್ಲೇ ಇದ್ದಾಳೆ."

ಹೆಂಡತಿಯ ಸ್ಥಿತಿ ಏನೆಂದು ಆಗ ತಿಳಿಯಿತು. ಓಡಿಹೋದ ಗಂಡನೊಂದಿಗೆ ಯಾವ ಸಂಪರ್ಕವೂ ಇಲ್ಲವೆಂದು ಆಕೆಯಿಂದ ಬರೆಸಿಕೊಂಡಿದ್ದರು. ಅದು ಸುಳ್ಳೆಂದು ತೋರಿದ ದಿನ ಆಕೆಯನ್ನೂ ಕರೆದುಕೊಂಡು ಹೋಗುತ್ತಾರೆ. ಲೇಖಕರಿಗೆ ಇಲ್ಲಿ ನೆಲೆ ಸಿಕ್ಕರೆ ಮಾತ್ರ ಆಕೆಯನ್ನು ಕರೆಸಿಕೊಳ್ಳಲು ದಾರಿ ಇತ್ತು.

ಜೆರಾಕ್ಸ್ ಬಂತು. ವಕೀಲೆಯ ಕೋಣೆಯಲ್ಲಿ ಮತ್ತೆ ಮೂವರೂ ಕುಳಿತೆವು. ವಕೀಲೆಯ ಯೋಜನೆ ಸ್ಪಷ್ಟವಾಗಿತ್ತು. "ಈ ಅಧ್ಯಾಯ ಬೇರೆಯವರು ಬರೆದದ್ದು ಎನ್ನುವುದಾದರೆ ಯಾರು ಬರೆದರು ಎಂದು ಕೇಳುತ್ತಾರೆ. ಆ ವ್ಯಕ್ತಿಯನ್ನು ಹುಡುಕಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅಂಥವರು ಇದ್ದು, ಹೌದು ಎಂದುಬಿಟ್ಟರೆ ನಾವು ಗೆದ್ದ ಹಾಗೆ. ಶೈಲಿ ನೋಡಿದರೆ ಇವರಿಗೆ ಸುಳಿವು ಸಿಗಬಹುದೇ ಕೇಳಿ."

ಸಿಗಬಹುದು ಎಂದೇ ನನಗೂ ಅನಿಸಿತ್ತು. ಸುದ್ದಿಮನೆಯಲ್ಲಿ ಹೆಸರಿಲ್ಲದ ಬರಹ ಮೇಜಿಗೆ ಬಂದರೆ ಎರಡನೇ ವಾಕ್ಯಕ್ಕೆಲ್ಲ ಅದು ಯಾರದ್ದೆಂದು ತಿಳಿಯುತ್ತಿತ್ತು.

ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಮೊದಲ ಪುಟಗಳಿಗೆ ಮೂಗಿನಿಂದ ನಕ್ಕರು. "ಸಂಪಾದಕೀಯ! ಅದೂ ಜಿಲ್ಲಾ ಪತ್ರಿಕೆಯದು" ಎಂದರು. "ಹತ್ತಿಯ ಬಿಳಿ ಬಂಗಾರ ನಗುತ್ತಿತ್ತಂತೆ. ತಂಗಿ, ಬಂಗಾರ ನಗುವುದನ್ನು ನೋಡಿದ್ದೀಯಾ?" ಪುಟ ತಿರುಗಿಸಿದರು, ಮತ್ತೊಂದು ತಿರುಗಿಸಿದರು. ಒಂದು ಕಡೆ ನಿಂತರು.

ಓದುವ ಮನುಷ್ಯ ಓದುವುದನ್ನು ನಿಲ್ಲಿಸಿದಾಗ ಕಣ್ಣು ಒಂದೇ ಜಾಗದಲ್ಲಿ ಉಳಿಯುತ್ತದೆ. ಅವರ ಕಣ್ಣು ಹಾಗೆ ಉಳಿಯಿತು. ಮುಖದಲ್ಲಿದ್ದ ರಕ್ತ ಇಳಿಯಿತು. ಮಡಚುವ ಬೆರಳುಗಳಿಂದ ಕಾಗದದ ಅಂಚನ್ನು ಹಿಡಿದಿದ್ದರು. ವಕೀಲೆ ನೀರು ತರಿಸಿದರು. ಅವರು ಅದನ್ನು ಮುಟ್ಟದೆ ಎದ್ದು ಹೊರಗಿನ ಪಡಸಾಲೆಗೆ ಹೋದರು. ನಾನೂ ಹಿಂದೆ ಹೋದೆ.

"ಇಡೀ ಅಧ್ಯಾಯದಲ್ಲಿ ಒಂದು ಒಳ್ಳೆಯ ವಾಕ್ಯವಿದೆ" ಎಂದರು ಗೋಡೆಯ ಕಡೆ ನೋಡುತ್ತ. "ನೀರು ಬರುವ ಮುಂಚೆ ಒಣಗಿದ ಕಾಲುವೆ ಒಮ್ಮೆ ಕೆಮ್ಮುತ್ತದೆ. ನನ್ನ ಮಾವ ನೆಲಕ್ಕೆ ಕಿವಿಯಿಟ್ಟು ಹಾಗೆ ಹೇಳುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನನಗೆ ಹೇಳಿದಳು. ನನ್ನ ಪುಸ್ತಕಕ್ಕೆ ಕೊಡು ಎಂದು ಬೇಡಿದೆ, ತಂಗಿ. ಕೊಡಲಿಲ್ಲ. ಅದು ನಮ್ಮಪ್ಪನ ಮಾತು, ನಿಮ್ಮ ಪುಸ್ತಕಕ್ಕಲ್ಲ ಎಂದಳು. ಅದನ್ನು ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ."

ನನಗೆ ಮೊದಲು ಹೊಳೆದದ್ದು ಆ ಚಹಾ. ಇವರು ಬಟ್ಟಲೆತ್ತಿ ಆ ಕೈ ಒಣಗಲಿ ಎನ್ನುತ್ತಿದ್ದಾಗ ಚಹಾ ಬಗ್ಗಿಸುತ್ತಿದ್ದ ಹೆಂಡತಿಯ ಕೈ ಅದೇ ಆಗಿತ್ತು. ವರ್ಷಗಟ್ಟಲೆ. ಅತಿಥಿಗಳೆಲ್ಲ ಹಾಗೇ ಆಗಲಿ ಎಂದಿದ್ದರು.

"ಯಾಕೆ ಬರೆದಿರಬಹುದು?" ಎಂದು ಕೇಳಿದೆ. ಕೇಳಬಾರದಿತ್ತೇನೋ; ಪ್ರಶ್ನೆ ಬಾಯಿಗೆ ಬಂದಾಗಿತ್ತು.

"ಆ ವರ್ಷ ಇಬ್ಬರು ಲೇಖಕರನ್ನು ಒಯ್ದಿದ್ದರು. ಮೂರನೆಯವನು ನಾನಾಗುವವನಿದ್ದೆ. ಆಗಲಿಲ್ಲ. ಅದೃಷ್ಟ ಎಂದುಕೊಂಡಿದ್ದೆ." ಅವರು ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. "ಎಷ್ಟು ಬೈದಿದ್ದೇನೆ! ಅವಳ ಎದುರಿಗೇ. ಅವಳ ತಂಗಿಯ ಮದುವೆಯಲ್ಲೂ ಬೈದೆ."

ಹೆಂಡತಿಯ ಹೆಸರು ಹೇಳಿದರೆ ಕಚೇರಿ ನಂಬುತ್ತದೆ. ನಂಬುವ ಮುನ್ನ ಆಕೆಯನ್ನು ಕೇಳುತ್ತದೆ. ಆ ಪ್ರಶ್ನೆ ಹಾಲೆಂಡಿನಿಂದ ಆಕೆಯ ಮನೆಗೆ ತಲುಪಿದರೆ, ಸಂಪರ್ಕವಿಲ್ಲ ಎಂದು ಆಕೆ ಬರೆದುಕೊಟ್ಟ ಮಾತು ಅಲ್ಲೇ ಸುಳ್ಳಾಗುತ್ತದೆ. ಕಡತಗಳು ಗೌಪ್ಯ ಎಂದು ವಕೀಲೆ ಮೊದಲೇ ಹೇಳಿದ್ದನ್ನು ನಾನು ನೆನಪಿಸಿದೆ. "ಗೌಪ್ಯ ನಮ್ಮಲ್ಲೂ ಇತ್ತು. ಬಾಗಿಲ ಮೇಲೆ ಬರೆದೇ ಇತ್ತು" ಎಂದರು.

ಒಳಗೆ ಬಂದು ಕುಳಿತು, ವಕೀಲೆಯ ಮುಖ ನೋಡಿ ಹೇಳಿದರು: "ಈ ಅಧ್ಯಾಯ ನನ್ನದೇ. ನಾನೇ ಬರೆದದ್ದು."

ನಾನು ಡಚ್ಚಿನಲ್ಲಿ ಹೇಳಿದೆ. ವಕೀಲೆ ನನ್ನನ್ನು ನೋಡಿದರು. "ಹೋದ ಸಲ ಬೇರೆ ಹೇಳಿದ್ದರಲ್ಲ, ಮೆವ್ರೌ. ಇವತ್ತು ಹೇಳುತ್ತಿರುವುದು ನಿಜವೇ?"

"ನಾನು ಅನುವಾದ ಮಾತ್ರ ಮಾಡುವವಳು" ಎಂದೆ. ಆ ಮಾತಿನ ಒಳಾರ್ಥವನ್ನು ವಕೀಲೆಗೆ ಮತ್ತೆ ಅನುವಾದಿಸಿ ಹೇಳಬೇಕಾಗಲಿಲ್ಲ, ಅರ್ಥ ಮಾಡಿಕೊಂಡಿದ್ದರು.

ಎರಡನೆಯ ವಿಚಾರಣೆಗೆ ಕಚೇರಿಯದೇ ದುಭಾಷಿ ಇದ್ದರು. ನೆರವಿನ ಗುಂಪಿನ ಪರವಾಗಿ ವಕೀಲೆಯ ಪಕ್ಕದಲ್ಲಿ ಸುಮ್ಮನೆ ಕೂರಲು ನನಗೆ ಅನುಮತಿ ಸಿಕ್ಕಿತು. ಸಣ್ಣ ಕೋಣೆ, ಕಿಟಕಿಯ ಹೊರಗೆ ಸೈಕಲ್ಲುಗಳ ಸಾಲು, ಮೇಜಿನ ಮೇಲೆ ಕಾಫಿಯ ಫ್ಲಾಸ್ಕು. ಅಧಿಕಾರಿ ಒರಟರಲ್ಲ. ಲೇಖಕರನ್ನು ಮೆನೇರ್ ಎಂದು ಗೌರವದಿಂದಲೇ ಕರೆದು, ಕೊನೆಯ ಅಧ್ಯಾಯದಲ್ಲಿ ಏನಿದೆ ಹೇಳಿ ಎಂದರು.

ಲೇಖಕರು ಎದ್ದು ನಿಂತರು. ಕೂತೇ ಹೇಳಬಹುದು ಎಂದರೂ ಕೂರಲಿಲ್ಲ. ನಾಟಕದವರು. ಕಚೇರಿಯ ಮೆಟ್ಟಿಲಿನಿಂದ ಆರಂಭಿಸಿ, ಪುಟದಿಂದ ಪುಟಕ್ಕೆ, ಏನನ್ನೂ ಬಿಡದೆ ಹೇಳುತ್ತ ಹೋದರು. ಮೂಗಿನಿಂದ ನಕ್ಕಿದ್ದ ವಾಕ್ಯಗಳನ್ನು ಗಂಭೀರವಾಗಿ ಹೇಳಿದರು. ಬಿಳಿ ಬಂಗಾರ ನಕ್ಕಿತು. ನೀರಗಂಟಿ ಬಾಯಿ ತೆರೆಯುವ ಜಾಗದಲ್ಲಿ ಕಂಠ ತಗ್ಗಿಸಿದರು. ಗೆಳೆಯನ ಹೆಸರನ್ನು ಉಚ್ಚರಿಸಿದರು. ಅಧಿಕಾರಿಯ ಬೆರಳು ಎದುರಿನ ಕಾಗದದ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಕಾಲುವೆ ಕೆಮ್ಮುವ ವಾಕ್ಯ ಬಂದಾಗ ದುಭಾಷಿ ಅರೆಕ್ಷಣ ತಡೆದು, ಆಮೇಲೆ ಸರಿಯಾಗಿಯೇ ಡಚ್ಚಿಗೆ ತಂದರು. ಅಧಿಕಾರಿ ತಲೆಯೆತ್ತಿ, "ಇದು ಚೆನ್ನಾಗಿದೆ" ಎಂದರು. ಆ ದಿನ ಅವರು ವ್ಯಕ್ತಪಡಿಸಿದ ಅಭಿಪ್ರಾಯ ಅದೊಂದೇ.

ಆಮೇಲೆ ಕೇಳಿದರು: "ಹಾಗಿದ್ದರೆ ಹೋದ ಸಲ ಬೇರೆ ಕೊನೆ ಏಕೆ ಹೇಳಿದಿರಿ?"

ನನ್ನ ಪಕ್ಕದಲ್ಲಿ ವಕೀಲೆಯ ಪೆನ್ನು ನಿಂತಿತು.

"ನಾಚಿಕೆಯಾಗಿತ್ತು" ಎಂದರು ಲೇಖಕರು. "ನೀವು ಈಗ ಕೇಳಿದಿರಲ್ಲ, ಅದನ್ನು ಬರೆದವನಿಗೆ ನಾಚಿಕೆಯಾಗುವುದಿಲ್ಲವೇ? ಹೆದರಿ ಬರೆದೆ. ಇಲ್ಲಿ, ಪರದೇಶದಲ್ಲಾದರೂ, ಹೆದರದವನ ಹಾಗೆ ಹೇಳೋಣ ಎನಿಸಿತು."

"ಬರೆಯುವಾಗ ಬೇರೆ ಯಾರಾದರೂ ನೆರವಾಗಿದ್ದರೇ?"

"ಇಲ್ಲ. ನಾನೊಬ್ಬನೇ."

ಅಧಿಕಾರಿ ಬರೆದುಕೊಂಡರು. ಹೆದರಿಕೆಯಿಂದ ಬರೆದೆನೆಂದು ಒಪ್ಪಿಕೊಳ್ಳುವ ಲೇಖಕನನ್ನು ಯಾರೂ ಸುಳ್ಳುಗಾರನೆಂದುಕೊಳ್ಳುವುದಿಲ್ಲ. ನಾನು ಸುದ್ದಿಮನೆಯಲ್ಲಿ ಎಷ್ಟೋ ಹೇಳಿಕೆಗಳನ್ನು ತೂಗಿ ನೋಡಿದವಳು. ನನಗೆ ಹಿನ್ನೆಲೆ ಗೊತ್ತಿರದಿದ್ದರೆ ಇದನ್ನು ಮೊದಲ ಪುಟಕ್ಕೆ ಕಳಿಸುತ್ತಿದ್ದೆ. ತನ್ನ ನಾಯಕನ ಬಾಯಿಂದ ಒಂದು ಹೆಸರು ಹೊರಡದಂತೆ ಕಾದಿದ್ದ ಮನುಷ್ಯ, ಒಂದು ಹೆಸರನ್ನು ಬಾಯಲ್ಲೇ ಹಿಡಿದಿಟ್ಟು, ಇಡೀ ಅಧ್ಯಾಯವನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಕಣ್ಣೆದುರೇ ನಡೆದಿತ್ತು. ಹೊರಗೆ ಬಂದಾಗ ವಕೀಲೆ ಲೇಖಕರ ಕೈ ಕುಲುಕಿದರು. ಅವರು ಸೈಕಲ್ಲುಗಳ ಪಕ್ಕದಲ್ಲಿ ನಿಂತು ವಾಂತಿ ಮಾಡಿಕೊಂಡರು.

ನೆಲೆ ಸಿಕ್ಕಿತು. ಶಿಬಿರದಿಂದ ಹೊರಗೆ, ಎನ್ಸ್‌ಕೆಡೆಯಲ್ಲೇ, ಮೇಲ್ಮಹಡಿಯ ಪುಟ್ಟ ಮನೆಯೊಂದನ್ನು ಕೊಟ್ಟರು. ಹೆಂಡತಿ ನೆಂಟರ ಮದುವೆಯ ನೆಪದಲ್ಲಿ ಮಾಸ್ಕೋಗೆ ಹೋಗಿ, ಅಲ್ಲಿ ಕಾದು, ಕಾಗದಗಳು ಸೇರಿದ ಮೇಲೆ ಬಂದರು. ನಾನು ಮತ್ತು ಗಂಡ ರೈಲಿನಲ್ಲಿ ನೋಡಲು ಹೋದೆವು. ಕುಳ್ಳಗಿನ, ಚುರುಕಾದ ಹೆಂಗಸು. ಬಾಗಿಲು ತೆರೆದವರೇ ನನ್ನ ಕೋಟಿನ ಸಡಿಲ ಗುಂಡಿಯನ್ನು ಬೆರಳಿನಿಂದ ಅಲ್ಲಾಡಿಸಿ, "ಇದು ಬೀಳುತ್ತೆ, ಕೊಡು, ಹೊಲಿದುಕೊಡುತ್ತೇನೆ" ಎಂದರು. ಕರಡು ತಿದ್ದುವವರ ಕಣ್ಣು. ಗಂಡಸರಿಬ್ಬರನ್ನೂ ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂರಿಸಿ, ನನ್ನನ್ನು ಅಡುಗೆಮನೆಗೆ ಕರೆದೊಯ್ದರು.

ಅಕ್ಕಿ ತೊಳೆಯುತ್ತ ರಷ್ಯನ್ನಿನಲ್ಲಿ ಕೇಳಿದರು: "ವಿಚಾರಣೆಯಲ್ಲಿ ನೀನೂ ಇದ್ದೆಯಂತೆ. ನಂಬಿದ್ದು ಹೇಗೆ? ಇವರು ಏನನ್ನೂ ಹೇಳುತ್ತಿಲ್ಲ."

"ಕಾದಂಬರಿಯ ಕಥೆ ಹೇಳಿಸಿದರು."

"ಯಾವುದರದ್ದು?"

"ನೀರಗಂಟಿಯದು."

ಅಕ್ಕಿಯೊಳಗೆ ತಿರುಗುತ್ತಿದ್ದ ಕೈ ನಿಂತಿತು. "ಕೊನೆ?"

"ಪುಸ್ತಕದಲ್ಲಿ ಇರುವ ಹಾಗೇ ಹೇಳಿದರು."

"ಅದನ್ನು ಅವರು ಓದೇ ಇಲ್ಲವಲ್ಲ!"

"ಓದಿದರು. ನನ್ನ ಮುಂದೆಯೇ ಓದಿದರು."

ಆಕೆ ನಲ್ಲಿ ನಿಲ್ಲಿಸಿದರು. ಇದನ್ನು ನಾನು ಹೇಳಬೇಕೋ ಬೇಡವೋ ಎಂದು ಯೋಚಿಸುವ ಹೊತ್ತು ಮೀರಿತ್ತು. ಹೇಳಬೇಡ ಎಂದು ಲೇಖಕರು ಎಂದೂ ಅಂದಿರಲಿಲ್ಲ. ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದೆ. ಕೆಮ್ಮುವ ಕಾಲುವೆಯಿಂದ ಗುರುತು ಹಿಡಿದದ್ದು, ಗೋಡೆ ನೋಡುತ್ತ ನಿಂತದ್ದು, ಕಚೇರಿಯಲ್ಲಿ ಎದ್ದು ನಿಂತು ನನ್ನದೇ ಎಂದದ್ದು.

ಆಕೆ ಸ್ಟೂಲಿನ ಮೇಲೆ ಕುಳಿತರು. ಒದ್ದೆ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು.

"ನನ್ನದೇ ಅಂದರಾ? ಅಯ್ಯೋ, ಅವರು ತಪ್ಪಿಯೂ ಹಾಗೆ ಅನ್ನಬಾರದು ಅಂತಲೇ ನಾನು ಅಷ್ಟು ಕೆಟ್ಟದಾಗಿ ಬರೆದೆನಲ್ಲ!"

"ಬೇಕೆಂದೇ?" ಎಂದೆ.

"ಬೇಕೆಂದೇ ಬರೆದೆ, ಮಗಳೇ. ಬಿಳಿ ಬಂಗಾರ, ನಗುವ ಹೊಲ, ಎಲ್ಲ. ಪ್ರಕಾಶನದಲ್ಲಿ ಇನ್ನೊಬ್ಬ ಬರೆಯಲು ಸಿದ್ಧನಿದ್ದ. ಅವನು ಜಾಣ. ಇವರ ಕೈಯನ್ನು ಹಾಗೇ ಅನುಕರಿಸಿಬಿಡುತ್ತಿದ್ದ. ಓದಿದವರು ಇವರೇ ಬರೆದರು ಅಂದುಕೊಳ್ಳುತ್ತಿದ್ದರು. ಅದಕ್ಕೆ ನಾನೇ ಕೇಳಿ ತೆಗೆದುಕೊಂಡೆ. ಮೇಲಿನವರಿಗೆ ಆ ಭಾಷೆಯೇ ಇಷ್ಟ, ಅವರು ಸಂತೋಷಪಟ್ಟರು. ಓದುವವರಿಗೆ ಮೊದಲ ಸಾಲಿಗೇ ಇದು ಇವರದ್ದಲ್ಲ ಅಂತ ತಿಳಿಯಿತು, ಮುಚ್ಚಿಟ್ಟರು. ತಲೆಯೂ ಉಳಿಯಿತು, ಹೆಸರೂ ಉಳಿಯಿತು. ಅಪ್ಪನ ಆ ಒಂದು ಮಾತು ಮಾತ್ರ... ಅಷ್ಟೂ ಕೆಟ್ಟದ್ದನ್ನೇ ಬರೆಯುವುದು ಸುಲಭವಲ್ಲ. ಒಂದು ಕಡೆ ಕೈ ಜಾರಿತು."

ಓದುಗರು ಮೂಗಿಗೆ ಬಡಿದ ವಾಸನೆಯಿಂದ ಪುಸ್ತಕ ಮುಚ್ಚಿದರು ಎಂದು ಲೇಖಕರು ಹೇಳಿದ್ದರು. ಆ ವಾಸನೆಯನ್ನು ಒಬ್ಬರು ಕೂತು, ಯೋಚಿಸಿ, ವಾಕ್ಯ ವಾಕ್ಯಕ್ಕೂ ಬೆರೆಸಿದ್ದರು ಎಂಬುದು ನನ್ನ ತಲೆಗೆ ಇಳಿಯಲು ಹೊತ್ತು ಹಿಡಿಯಿತು.

ಆಕೆ ಎದ್ದು, ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋದರು. ತಮ್ಮ ಭಾಷೆಯಲ್ಲಿ ಗಂಡನಿಗೆ ಏನೋ ಹೇಳಿದರು. ಉದ್ದವಾದ ಮಾತಲ್ಲ. ಲೇಖಕರು ಏನೋ ಕೇಳಿದರು. ಆಕೆ ಮತ್ತೆ ಹೇಳಿದರು. ನನ್ನ ಗಂಡ ಅಡುಗೆಮನೆಗೆ ಬಂದರು.

"ಏನಾಯ್ತೇ? ಆ ಸರ್ ಒಂಥರಾ ಆಗೋಗಿದ್ದಾರೆ. ಡಾಕ್ಟರ್‌ಗೆ ಫೋನ್ ಮಾಡ್ಬೇಕಾ?"

"ಬ್ಯಾಡ್ರಿ. ಸುಮ್ನ ನಿಲ್ಲರಿ."

ಲೇಖಕರು ರಷ್ಯನ್ನಿನಲ್ಲಿ ನನ್ನನ್ನು ಕೂಗಿದರು. "ತಂಗಿ, ನಾಳೆ ವಕೀಲರಿಗೆ ಫೋನ್ ಮಾಡು. ನನ್ನ ಹೇಳಿಕೆ ತಿದ್ದಬೇಕು. ಈಗ ಇವಳು ಇಲ್ಲಿದ್ದಾಳೆ, ಹೆದರಿಕೆಯಿಲ್ಲ. ಯಾರು ಬರೆದರು, ಹೇಗೆ ಬರೆದರು, ಎಲ್ಲ ಬರೆದುಕೊಳ್ಳಲಿ."

ಹೇಳಿಕೆ ಸುಳ್ಳೆಂದು ನಾವೇ ಹೇಳಿದರೆ ಕೊಟ್ಟ ನೆಲೆ ಹೋಗುತ್ತದೆ. ಆಕೆಯ ಪರ್ಮಿಟ್ ನಿಂತಿರುವುದೂ ಅದರ ಮೇಲೆಯೇ. ಅದನ್ನು ಅವರಿಬ್ಬರಿಗೂ ವಿವರಿಸಿದೆ. ಲೇಖಕರು ಕೇಳಿಸಿಕೊಂಡರು, ಒಪ್ಪಲಿಲ್ಲ. "ಫೋನ್ ಮಾಡು" ಎಂದರು ಮತ್ತೆ.

ಹೆಂಡತಿ ನನ್ನ ಕಡೆ ತಿರುಗಿದರು. "ಮಾಡಬೇಡ" ಎಂದರು. "ಕಾನೂನು ಹಾಗಿರಲಿ. ಇಷ್ಟು ವರ್ಷ ಊರಿನ ಅತ್ಯುತ್ತಮ ಲೇಖಕರ ಕರಡು ತಿದ್ದಿದವಳು ನಾನು. ಅಂಥ ಕೊಳಕು ಬರಹಕ್ಕೆ ನನ್ನ ಹೆಸರು ಹಾಕಿಸುತ್ತಾರಂತೆ!"

ನಾನು ಅದನ್ನು ಕನ್ನಡದಲ್ಲಿ ಗಂಡನಿಗೆ ಹೇಳಿದೆ. ಅವರಿಗೆ ನಗು ಬಂತು. ಲೇಖಕರ ಮುಖ ನೋಡಿ ಅದನ್ನು ನುಂಗಿಕೊಂಡರು. ಲೇಖಕರು ಹೆಂಡತಿಯ ಬಲಗೈಯನ್ನು, ಅಕ್ಕಿಯ ನೀರಿನ ಬಿಳುಪು ಇನ್ನೂ ಹೋಗಿರದ ಕೈಯನ್ನು, ಯಾರದ್ದೋ ವಸ್ತುವೆಂಬಂತೆ ದಿಟ್ಟಿಸುತ್ತಿದ್ದರು. ಅದನ್ನು ಮುಟ್ಟಲು ಅವರಿಗೆ ಧೈರ್ಯ ಬರಲಿಲ್ಲ.

ಮರುದಿನ ನಾನು ಫೋನ್ ಮಾಡಲಿಲ್ಲ. ಮಾಡಿದೆಯಾ ಎಂದು ಅವರೂ ಎಂದೂ ಕೇಳಲಿಲ್ಲ.